ಯಾರದೆಂದು ತಿಳಿಯದ ಏಳು ಡಬ್ಬಿಗಳು

ಈ ಕೃತಜ್ಞತೆಯ ಮಾತುಗಳನ್ನು ನವರಾತ್ರಿಯಲ್ಲಿಯೇ ಬರೆಯಬೇಕೆಂದಿದ್ದೆ. ನಮ್ಮ ಮನೆಯವರು ಊರುಗೋಲಿನ ಆಸರೆಯಿಲ್ಲದೆ ಕೊಟ್ಟಿಗೆಯ ತನಕ ನಡೆದು ಹೋಗುವವರೆಗೆ ಊರಿಗೆಲ್ಲ ಸಾರುವುದು ಬೇಡ, ದೃಷ್ಟಿಯಾದೀತು ಎಂದು ಅತ್ತೆಯವರು ತಡೆದರು. ಮೊನ್ನೆ ಬಲಿಪಾಡ್ಯದ ಬೆಳಿಗ್ಗೆ ಅವರು ಜಗಲಿಯ ಮೆಟ್ಟಿಲಿಳಿದು, ಸಗಣಿ ಸಾರಿಸಿದ್ದ ಅಂಗಳವನ್ನು ನಿಧಾನವಾಗಿ ದಾಟಿ, ಕೊಟ್ಟಿಗೆಯಲ್ಲಿ ಕಾಯುತ್ತಿದ್ದ ಗೌರಿಯ ಕೊರಳಿಗೆ ಅಡಿಕೆ ಮತ್ತು ಗೊಂಡೆ ಹೂವಿನ ಮಾಲೆಯನ್ನು ತಾವೇ ಕಟ್ಟಿದರು. ಆದ್ದರಿಂದ ನನಗೀಗ ಬರೆಯಲು ಅಪ್ಪಣೆ ದೊರೆತಿದೆ.

ತಿಳಿಯದವರಿಗಾಗಿ ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. ವೈಶಾಖದಲ್ಲಿ ಮದುವೆಯಾಗಿ ಕುಮಟೆಯ ಕಡೆಯಿಂದ ಘಟ್ಟ ಹತ್ತಿ ಶಿರಸಿ ತಾಲೂಕಿನ ಈ ಮನೆಗೆ ಬಂದ ನಾನು, ಆಷಾಢ ಹಿಡಿಯುತ್ತಲೇ ಪದ್ಧತಿಯಂತೆ ತವರಿಗೆ ಹೋಗಿದ್ದೆ. ನಮ್ಮ ತೋಟಕ್ಕೆ ಹೋಗುವ ದಾರಿಯಲ್ಲಿ ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರದ ಸಂಕವೊಂದಿದ್ದು (ಕಾಲುಸೇತುವೆ), ಮಳೆಗಾಲದಲ್ಲಿ ಅದರ ಮೇಲೆ ಜಾರುವ ಹಾವಸೆ, ಅಂದರೆ ಪಾಚಿ, ಕಟ್ಟುತ್ತದೆ. ಅಡಿಕೆಗೆ ಎರಡನೆಯ ಸುತ್ತಿನ ಔಷಧಿ ಹೊಡೆಯಲೆಂದು ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲವನ್ನು ಹೆಗಲ ಮೇಲಿಟ್ಟುಕೊಂಡು ಹೊರಟಿದ್ದ ಇವರು ಆ ಸಂಕದಿಂದ ಜಾರಿ ಕೆಳಗಿನ ಕಲ್ಲುಗಳ ಮೇಲೆ ಬಿದ್ದರು. ಬಲಗಾಲಿನ ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಕೂಗು ಕೇಳಿ ಓಡಿ ಬಂದ ಕೆಳಗಿನ ಕೇರಿಯವರು ಇವರನ್ನು ಹಳ್ಳದಿಂದ ಎತ್ತಿ, ಕಾಲು ಅಲುಗದಂತೆ ಎರಡೂ ಬದಿಗೆ ಅಡಿಕೆ ದಬ್ಬೆಯನ್ನಿಟ್ಟು ಪಂಚೆಯಿಂದ ಬಿಗಿದು, ಎರಡು ಗಳಗಳಿಗೆ ಕಂಬಳಿ ಕಟ್ಟಿ ಅದರಲ್ಲಿ ಮಲಗಿಸಿ, ಸುರಿಯುವ ಮಳೆಯಲ್ಲಿ ಒಂದೂವರೆ ಕಿಲೋಮೀಟರ್ ದೂರದ ಡಾಂಬರು ರಸ್ತೆಯವರೆಗೆ ಹೊತ್ತು ತಂದರು. ದಬ್ಬೆ ಕಟ್ಟಿದ ರೀತಿಯನ್ನು ನೋಡಿ ಹುಬ್ಬಳ್ಳಿಯ ವೈದ್ಯರು, ಇದನ್ನು ಕಟ್ಟಿದವರು ಯಾರು ಎಂದು ಕೇಳಿದರು. ಕಟ್ಟಿದವರು ಮರವೇರಿ ಅಡಿಕೆ ಗೊನೆ ಇಳಿಸುವ ನಮ್ಮ ಕೊನೆಗೌಡರು. ಅವರಿಗೆ ನನ್ನ ಮೊದಲ ನಮಸ್ಕಾರ.

ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ, ದೊಡ್ಡ ಪೆಟ್ಟು ಎಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವೆಯೇ ಗತಿ ಎಂಬುದು ಎಲ್ಲರೂ ಬಲ್ಲ ಮಾತು. ಅದರ ಬಗ್ಗೆ ಬರೆಯತೊಡಗಿದರೆ ಈ ಬರಹದ ದಾರಿ ತಪ್ಪುತ್ತದೆ. ನಾನು ಅಪ್ಪನೊಡನೆ ಅಂಕೋಲೆಯ ಮೇಲಿಂದ ಅರಬೈಲ್ ಘಟ್ಟವನ್ನು ಹತ್ತಿ, ಯಲ್ಲಾಪುರ ದಾಟಿ ಹುಬ್ಬಳ್ಳಿ ತಲುಪುವ ಹೊತ್ತಿಗೆ ಕತ್ತಲಾಗಿತ್ತು. ಆಸ್ಪತ್ರೆಯ ಪಡಸಾಲೆಯಲ್ಲಿ ನಮ್ಮೂರಿನ ಆರು ಮಂದಿ ಒದ್ದೆ ಬಟ್ಟೆಯಲ್ಲಿಯೇ ಕುಳಿತಿದ್ದರು. ಅವರಲ್ಲಿ ಇಬ್ಬರು ಆಗಲೇ ರಕ್ತ ಕೊಟ್ಟಾಗಿತ್ತು. ಮದುವೆಯಾಗಿ ಎರಡು ತಿಂಗಳಾಗಿದ್ದರೂ ಅವರಲ್ಲಿ ನಾಲ್ವರ ಹೆಸರು ನನಗೆ ಗೊತ್ತಿರಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಎರಡನೆಯ ದಿನ ಶಸ್ತ್ರಚಿಕಿತ್ಸೆಯಾಗಿ ಮೂಳೆಗೆ ಸರಳು ಕೂತಿತು. ಪ್ರಜ್ಞೆ ಸರಿಯಾಗಿ ಮರಳಿದ ಮೇಲೆ ಇವರು ಕೇಳಿದ ಮೊದಲ ಪ್ರಶ್ನೆ ಕಾಲಿನದಾಗಲಿ ನನ್ನದಾಗಲಿ ಆಗಿರದೆ, ತೋಟಕ್ಕೆ ಔಷಧಿ ಹೊಡೆಯುವವರು ಯಾರು ಎಂಬುದಾಗಿತ್ತು. ಕರಾವಳಿಯವಳಾದ ನನಗೆ ಆಗ ಸ್ವಲ್ಪ ಸಿಟ್ಟೇ ಬಂತು. ಮೊದಲ ಸುತ್ತು ಹೊಡೆದು ನಲವತ್ತು ದಿನಗಳು ಕಳೆದಿದ್ದು, ಮಳೆ ಬಿಡದೆ ಹಿಡಿದಿರುವಾಗ ಎರಡನೆಯ ಸುತ್ತು ತಪ್ಪಿದರೆ ಕೊಳೆರೋಗ ಬಂದು ಹಸಿರು ಕಾಯಿಗಳೆಲ್ಲ ಮರದ ಬುಡಕ್ಕೆ ಉದುರುತ್ತವೆ ಎಂಬುದು, ವರ್ಷದ ಅನ್ನವೇ ಹಾಗೆ ಉದುರುತ್ತದೆ ಎಂಬುದು, ನನಗೆ ಅರ್ಥವಾದದ್ದು ಊರಿಗೆ ಬಂದ ಮೇಲೆ.

ಮುರಿಯಾಳು ಎಂಬ ಮಾತನ್ನು ನಾನು ಕೇಳಿದ್ದೆ. ಇಂದು ನಿನ್ನ ತೋಟಕ್ಕೆ ನಾನು, ನಾಳೆ ನನ್ನ ತೋಟಕ್ಕೆ ನೀನು ಎಂಬ ಲೆಕ್ಕದ ಕೂಲಿಯಿಲ್ಲದ ಕೆಲಸವದು. ಆದರೆ ಮರಳಿ ಬರಲಾರದವನ ತೋಟಕ್ಕೆ 14 ಮಂದಿ ಮುರಿಯಾಳಾಗಿ ಬಂದದ್ದನ್ನು ನಾನು ಈ ಮಳೆಗಾಲದಲ್ಲಿ ಕಂಡೆ. ಮಳೆ ಬಿಡುವು ಕೊಟ್ಟು ಹೊಳವಾದ ಎರಡು ದಿನಗಳನ್ನು ತಮ್ಮ ತಮ್ಮ ತೋಟಗಳಿಗೆ ಬಳಸಿಕೊಳ್ಳದೆ ಅವರೆಲ್ಲ ನಮ್ಮ ಒಂದೂಕಾಲು ಎಕರೆಗೆ ಕೊಟ್ಟರು. ಹೊಳವು ಎಂಬುದು ಆ ದಿನಗಳಲ್ಲಿ ಎಷ್ಟು ದುಬಾರಿಯ ವಸ್ತು ಎಂದು ಘಟ್ಟದ ಮೇಲಿನವರಿಗೆ ವಿವರಿಸಬೇಕಾಗಿಲ್ಲ. ಯಾರು ಎಷ್ಟು ಹೊತ್ತು ದುಡಿದರೆಂದು ನಾನು ಇವರ ಡೈರಿಯಲ್ಲಿ ಬರೆದಿಡುತ್ತಿದ್ದುದನ್ನು ಕಂಡ ಮೇಲಿನಮನೆಯ ಹಿರಿಯರು, "ಲೆಕ್ಕ ಎಂತಕ್ಕೆ ಕೂಸೇ, ತ್ವಾಟ ಎಲ್ಲಿಗೂ ಓಡಿ ಹೋಗ್ತಿಲ್ಲೆ" ಎಂದು ನಕ್ಕರು. ನಾನು ಮಾತ್ರ ಬರೆಯುವುದನ್ನು ನಿಲ್ಲಿಸಲಿಲ್ಲ.

ಆ ಎರಡು ದಿನ ಡ್ರಮ್ಮಿನ ಬಳಿ ನಿಂತು ದ್ರಾವಣ ಕೂಡಿಸುವ ಕೆಲಸವನ್ನು ಮಾವನವರು ನನಗೆ ಕಲಿಸಿದರು. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿಯೂ ಬೇರೆಬೇರೆಯಾಗಿ ಕದಡಿಕೊಂಡು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕೋಲಿನಿಂದ ತಿರುಗಿಸುತ್ತಿರಬೇಕು. ಚೆನ್ನಾಗಿ ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಎರಡು ಡ್ರಮ್ಮು ಮುಗಿಯುವುದರೊಳಗೆ ಕತ್ತಿ ಅದ್ದುವ ಮುನ್ನವೇ ಬಣ್ಣ ನೋಡಿ ಹದ ಹೇಳಬಲ್ಲವಳಾದೆ. ನಾಲ್ಕು ಸೀರೆಗಳು ಮಾತ್ರ ನೀಲಿಯ ಕಲೆಯಿಂದ ಕೆಟ್ಟವು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಿಗಾಗಿ 1880ರ ದಶಕದಲ್ಲಿ ಹುಟ್ಟಿದ ಈ ಮದ್ದಿನ ಕಥೆಯನ್ನೂ, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರ ಕಥೆಯನ್ನೂ ಮಾವನವರು ಡ್ರಮ್ಮು ತಿರುಗಿಸುತ್ತಲೇ ಹೇಳಿದರು. ಉಪಕಾರ ಸ್ಮರಣೆ ಎಂದ ಮೇಲೆ ಕೋಲ್ಮನ್ನರ ಹೆಸರನ್ನೂ ಸೇರಿಸಬೇಕೆಂಬುದು ಮಾವನವರ ಆಗ್ರಹ. ಸೇರಿಸಿದ್ದೇನೆ.

ಶ್ರಾವಣ, ಭಾದ್ರಪದಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಂಚ, ಮಾತ್ರೆ, ಮಳೆ, ಇಷ್ಟೇ ಇದ್ದ ದಿನಗಳವು. ಆದರೂ ಒಂದು ಮಾತನ್ನು ಹೇಳಲೇಬೇಕು. ಮದುವೆಯಾದ ಎರಡು ತಿಂಗಳಲ್ಲಿ ನಾವಿಬ್ಬರೂ ನೆಂಟರ ಮನೆಗಳ ಊಟಗಳ ನಡುವೆ ಒಬ್ಬರಿಗೊಬ್ಬರು ಆಡಿದ್ದು ಬಹಳ ಸ್ವಲ್ಪ. ಹಗಲಿಡೀ ತೋಟದಲ್ಲಿರುವ ಮನುಷ್ಯ ಹಾಸಿಗೆ ಹಿಡಿದಾಗ ಮಾತು ತಾನಾಗಿ ಬಂತು. ಅವರಿಗೆ ಕಡಲನ್ನು ಕಂಡರೆ ಭಯವೆಂಬುದು ನನಗೂ, ನನಗೆ ಅಡಿಕೆ ಮರದ ಎತ್ತರವನ್ನು ನೋಡಿದರೆ ತಲೆ ತಿರುಗುತ್ತದೆಂಬುದು ಅವರಿಗೂ ತಿಳಿದದ್ದು ಆಗಲೇ. ಕುಳಿತಲ್ಲಿಯೇ ಮಾಡಬಹುದಾದ ಕೆಲಸವೆಂದು ಅತ್ತೆಯವರು ಒಂದು ದಿನ ಅವರ ಮುಂದೆ ಮೇಜಿನ ಮೇಲೆ ತೆಂಗಿನಕಾಯಿ ತುರಿಯುವ ಯಂತ್ರವನ್ನಿಟ್ಟರು. ಅಂದಿನಿಂದ ಈ ಮನೆಯ ಕಾಯಿತುರಿ ಅವರದೇ ಪಾಲು. ಕಾಲು ವಾಸಿಯಾದ ಮೇಲೂ ಆ ಕೆಲಸವನ್ನು ಮರಳಿ ಪಡೆಯುವ ಉದ್ದೇಶ ಅತ್ತೆಯವರಿಗೂ ಇಲ್ಲ, ನನಗೂ ಇಲ್ಲ.

ಆಶ್ವಯುಜದ ಮೊದಲ ವಾರದಲ್ಲಿ ಬಿಸಿಲು ಬಂತು. ನಾಲ್ಕು ತಿಂಗಳು ಮುಗ್ಗಲು ವಾಸನೆ ಹಿಡಿದಿದ್ದ ಹಾಸಿಗೆ, ಕಂಬಳಿ, ದಿಂಬುಗಳನ್ನೆಲ್ಲ ಪಾಗಾರದ ಮೇಲೆ ಹರಡಿದಾಗ ಮನೆಯೇ ಹೊರಗೆ ಬಂದು ಮೈ ಕಾಯಿಸಿಕೊಳ್ಳುತ್ತಿರುವಂತೆ ಕಂಡಿತು. ಇವರನ್ನೂ ಕುರ್ಚಿಯಲ್ಲಿ ಕೂರಿಸಿ ಅಂಗಳಕ್ಕೆ ತಂದೆವು. ಘಟ್ಟದ ಕೆಳಗೆ ಈ ತಿಂಗಳಲ್ಲಿ ಸೆಕೆ ತಿರುಗಿ ಬರುತ್ತದೆ. ಇಲ್ಲಿ ಬೆಳಗಿನ ಹೊತ್ತು ಬೆಟ್ಟದಿಂದ ತೋಟದ ಕಣಿವೆಗೆ ಇಬ್ಬನಿ ಇಳಿದು, ಒಂಬತ್ತು ಗಂಟೆಯ ಹೊತ್ತಿಗೆ ಅಡಿಕೆ ಮರಗಳ ಚಂಡೆಗಳಿಂದ, ಅಂದರೆ ತುದಿಯ ಗರಿಗಳಿಂದ, ಹನಿಹನಿಯಾಗಿ ತೊಟ್ಟಿಕ್ಕುವುದು ಮಳೆಯಂತೆಯೇ ಕೇಳಿಸುತ್ತದೆ, ಆದರೆ ತಲೆಯೆತ್ತಿದರೆ ಆಕಾಶ ತೊಳೆದಿಟ್ಟ ಹಾಗೆ ನೀಲಿ. ಅಂಗಳದ ಹಾವಸೆಯನ್ನು ಕೆರೆದು, ಹೆಂಟೆಗಳನ್ನು ಬಡಿದು, ಸಗಣಿ ಸಾರಿಸಿ ಅಡಿಕೆಗೆ ಸಿದ್ಧಗೊಳಿಸುವ ಕೆಲಸ ನನಗೆ ಹೊಸದು. ಬಾಳೆನಾರಿನಲ್ಲಿ ಕಟ್ಟಿ ತೊಲೆಗೆ ತೂಗುಬಿಟ್ಟ ಮೊಗೆಕಾಯಿಗಳ (ಸಾಂಬಾರು ಸೌತೆ) ಸಾಲಿನ ಕೆಳಗೆ ತಲೆ ತಗ್ಗಿಸಿ ಓಡಾಡುವುದೂ, ಹತ್ತು ಗಂಟೆಗೆ ಒಂದು ಲೋಟ ಚಹಾ ಹಿಡಿದು ಇವರ ಕುರ್ಚಿಯ ಪಕ್ಕದ ಮೆಟ್ಟಿಲ ಮೇಲೆ ಐದು ನಿಮಿಷ ಕೂರುವುದೂ ಇದೇ ಶರದೃತುವಿನಲ್ಲಿ ರೂಢಿಯಾದವು. ಇವನ್ನು ಸಂತೋಷಗಳೆಂದು ಲೆಕ್ಕ ಹಿಡಿಯುವ ಅಭ್ಯಾಸ ನನಗೆ ಮೊದಲಿರಲಿಲ್ಲ.

ಭೂಮಿ ಹುಣ್ಣಿಮೆಯ ರಾತ್ರಿ ನಾನು ಬೇಗ ಮಲಗಲಿಲ್ಲ. ಕೊನೆಗೌಡರ ಮನೆಯಲ್ಲಿ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆದ, ಗದ್ದೆಗೆ ಹಬ್ಬದ ಊಟ ಒಯ್ಯುವ ಭೂಮಣ್ಣಿ ಬುಟ್ಟಿಯನ್ನು ಹಿಂದಿನ ಸಂಜೆಯೇ ನೋಡಿ ಬಂದಿದ್ದೆ. ತೆನೆ ಕಟ್ಟುವ ಹೊತ್ತಿನ ಭತ್ತದ ಗದ್ದೆಯನ್ನು ಬಸುರಿಯೆಂದು ಬಗೆದು ಅವಳಿಗೆ ಬಯಕೆಯ ಊಟ ಬಡಿಸುವ ಹಬ್ಬವಿದು. ಬೆಳಕು ಹರಿಯುವ ಮುನ್ನ ಗದ್ದೆಯ ಕಡೆಯಿಂದ ಸೂಡಿಯ (ಪಂಜಿನ) ಬೆಳಕೂ, ಅಂಬಲಿಯನ್ನು ಬೀರುತ್ತ ಭೂತಾಯಿಯನ್ನು ಊಟಕ್ಕೆ ಕರೆಯುವ ದನಿಯೂ ಬಂದವು. ಇವರೂ ಎಚ್ಚರವಿದ್ದರು. ಬೆಳಿಗ್ಗೆ ಅವರ ಮನೆಯಿಂದ ಬಾಳೆಯೆಲೆಯಲ್ಲಿ ಕಟ್ಟಿದ ಕಡುಬು ಬಂತು. ತಮ್ಮ ಮಗ ಹಳ್ಳದಿಂದ ಎತ್ತಿ ತಂದವನಿಗೆ ಇದು ಸೇರಬೇಕೆಂದು ಆ ತಾಯಿ ಹೇಳಿ ಕಳುಹಿಸಿದ್ದರು.

ಅದಾದ ಮುಂದಿನ ಶನಿವಾರ ನಮ್ಮ ಜಗಲಿಯಲ್ಲಿ ತಾಳಮದ್ದಳೆಯಾಯಿತು, ಅಂದರೆ ವೇಷ ಕುಣಿತಗಳಿಲ್ಲದೆ ಹಾಡು ಮತ್ತು ಮಾತಿನಲ್ಲಿಯೇ (ಅರ್ಥದಲ್ಲಿಯೇ) ನಡೆಯುವ ಯಕ್ಷಗಾನ. ಇವರು ಊರಿನ ಕೂಟದಲ್ಲಿ ಮದ್ದಳೆ ಬಾರಿಸುವವರು. ಮಳೆಗಾಲದ ಕೂಟಗಳೆಲ್ಲ ತಪ್ಪಿಹೋದವೆಂಬ ಕೊರಗು ಅವರಿಗಿತ್ತು. ಅವರು ಬರಲಾಗದಿದ್ದರೆ ಕೂಟವೇ ಅವರಲ್ಲಿಗೆ ಹೋಗಲಿ ಎಂದು ಭಾಗವತರು ತೀರ್ಮಾನಿಸಿದರಂತೆ. ಕಾಲನ್ನು ಮಣೆಯ ಮೇಲೆ ಚಾಚಿಕೊಂಡು, ತೊಡೆಯ ಬದಲು ದಿಂಬಿನ ಮೇಲೆ ಮದ್ದಳೆಯನ್ನಿಟ್ಟು ಇವರು ನುಡಿಸಿದರು. ಲಂಕೆಗೆ ಸೇತುವೆ ಕಟ್ಟುವ ಸಂದರ್ಭ ಬಂದಾಗ ಸುಗ್ರೀವನ ಅರ್ಥ ಹೇಳುತ್ತಿದ್ದವರು ಕಪಿಗಳಿಗೆ ಗಂಭೀರವಾಗಿ, "ಕಲ್ಲುಗಳ ಮೇಲೆ ಹಾವಸೆ ಕಟ್ಟದಂತೆ ನೋಡಿಕೊಳ್ಳಿರಿ, ಜಾರಿದರೆ ಹುಬ್ಬಳ್ಳಿಯವರೆಗೆ ಹೊತ್ತೊಯ್ಯಲು ನಿಮ್ಮಲ್ಲಿ ಕಂಬಳಿ ಇದೆಯೇ?" ಎಂದು ಕೇಳಿಬಿಟ್ಟರು. ಜಗಲಿಯೆಲ್ಲ ನಕ್ಕಿತು. ಆಷಾಢದ ನಂತರ ಇವರು ಬಾಯ್ತುಂಬ ನಕ್ಕದ್ದನ್ನು ನಾನು ಅಂದೇ ನೋಡಿದ್ದು. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ನನಗೆ ಯಾಕೋ ಅಳು ಬಂತು, ಅವಲಕ್ಕಿಗೆ ಒಗ್ಗರಣೆ ಹಾಕುವ ನೆವ ಇದ್ದುದು ಒಳ್ಳೆಯದಾಯಿತು.

ಹೊಸ ಅಳಿಯನ ಮೊದಲ ದೀಪಾವಳಿ ಮಾವನ ಮನೆಯಲ್ಲಿ ಆಗಬೇಕು. ಈ ಬಾರಿ ಅಳಿಯ ಘಟ್ಟ ಇಳಿಯುವಂತಿರಲಿಲ್ಲವಾದ್ದರಿಂದ ನನ್ನ ಅಪ್ಪ ಅಮ್ಮನೇ ಉಡುಗೊರೆಯ ಪಂಚೆ, ಎಣ್ಣೆ, ತೆಂಗಿನಕಾಯಿಗಳೊಡನೆ ಹಬ್ಬವನ್ನು ಹೊತ್ತುಕೊಂಡು ಘಟ್ಟ ಹತ್ತಿದರು. ಬೀಗರ ಮನೆಯಲ್ಲಿ ನಾಲ್ಕು ದಿನ ಉಳಿಯುವುದು ಅಪ್ಪನ ಸ್ವಭಾವಕ್ಕೆ ಒಗ್ಗದ ಸಂಗತಿ. ಅತ್ತೆ ಮಾವ ಅದನ್ನು ಅವರ ಅರಿವಿಗೇ ಬಾರದಂತೆ ನಿಭಾಯಿಸಿದರು. ಹಬ್ಬದ ಸ್ನಾನಕ್ಕೆ ನೀರು ತುಂಬುವ ಬೂರೆಯ ರಾತ್ರಿ ಬಚ್ಚಲ ಹಂಡೆಗೆ ಹಿಂಡ್ಲೆಕಾಯಿ ಎಂಬ ಕಾಡುಕಾಯಿಯ ಬಳ್ಳಿ ಸುತ್ತಿ ನೀರು ತುಂಬಿದವಳು ನಾನು. ನಸುಕಿನಲ್ಲಿ ಅಮ್ಮ ಅಳಿಯನ ತಲೆಗೆ ಎಣ್ಣೆ ಇಟ್ಟಳು. ಸರಳು ಕೂತ ತೊಡೆಯ ಗಾಯದ ಗೆರೆಯನ್ನು ಕಂಡು ಅವಳು ಏನೂ ಮಾತನಾಡದೆ, ಅದರ ಮೇಲೂ ಒಂದು ಬೆರಳು ಎಣ್ಣೆ ಸವರಿದಳು.

ಈಗ ಅಡಿಕೆಯ ಕೊನೆ (ಗೊನೆ) ಇಳಿಸುವ ಕಾಲ. ಅಂಗಳದಲ್ಲಿ ಹಸಿ ಅಡಿಕೆಯ ರಾಶಿ ಬಿದ್ದಿದೆ, ಬೇಯಿಸುವ ಹಂಡೆಯಿಂದ ಚೊಗರಿನ, ಅಂದರೆ ಅಡಿಕೆ ಬೆಂದ ಕೆಂಪು ನೀರಿನ, ಒಗರು ವಾಸನೆ ಮನೆಯ ತುಂಬ ಹಬ್ಬಿದೆ. ಕೊಳೆಗೆ ಹೋದದ್ದು ನಮ್ಮಲ್ಲಿ ಬಹಳ ಕಡಿಮೆ. ಡೈರಿಯನ್ನು ತೆರೆದು ನೋಡಿದ್ದೇನೆ. 14 ಮಂದಿ, ಎರಡೆರಡು ದಿನ. ಒಟ್ಟು 28 ಆಳಿನ ಕೆಲಸ ನಮ್ಮ ಮೇಲಿದೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದನ್ನು ಅತ್ತೆಯವರಿಂದ ಕಲಿತಿದ್ದೇನೆ. ಬೆರಳಿಗೆ ಎರಡು ಪಟ್ಟಿಗಳಿದ್ದರೂ ಕೈ ಈಗ ಪಳಗಿದೆ. ಕಾರ್ತಿಕ ಕಳೆಯುವುದರೊಳಗೆ ರಾತ್ರಿಯ ಸುಲಿತಕ್ಕೆ ಪ್ರತಿ ಮನೆಗೂ ನಾನು ಬರುವವಳಿದ್ದೇನೆ. ದಯವಿಟ್ಟು ಯಾರೂ ಬೇಡವೆನ್ನಬಾರದು. ಇವರು ಜೊತೆಗೆ ಬಂದು ಕುಳಿತು ಕಾಯಿ ತುರಿದುಕೊಡುವುದಾಗಿ ಹೇಳಿದ್ದಾರೆ.

ಹಳ್ಳದ ಸಂಕಕ್ಕೆ ಕೈಹಿಡಿ ಕಟ್ಟಿ, ನಡೆಯುವ ಜಾಗಕ್ಕೆ ಒರಟು ಹಲಗೆ ಬಡಿದುಕೊಟ್ಟ ಯುವಕರಿಗೆ, ನೆಟ್‌ವರ್ಕ್ ಸಿಗುವ ಬೆಟ್ಟದ ನೆತ್ತಿಯವರೆಗೆ ದಿನವೂ ಹತ್ತಿ ಹೋಗಿ ಹುಬ್ಬಳ್ಳಿಯಿಂದ ನನ್ನ ಸುದ್ದಿಯನ್ನು ಕೇಳಿ ಮನೆಗೆ ಮುಟ್ಟಿಸಿದ ಪಕ್ಕದ ಮನೆಯ ಕಾಲೇಜು ಹುಡುಗಿಗೆ, ಹಾಲು ಕರೆದ, ಸೊಪ್ಪು ತಂದ, ಕೊಟ್ಟಿಗೆ ತೊಳೆದ ಎಲ್ಲರಿಗೂ ನಾವಿಬ್ಬರೂ ಕೈಮುಗಿಯುತ್ತೇವೆ.

ಇನ್ನೊಂದು ವಿಷಯ ಉಳಿದಿದೆ. ಶ್ರಾವಣದಿಂದ ನವರಾತ್ರಿಯ ತನಕ ನಮ್ಮ ಮನೆಗೆ ತಂಬುಳಿ, ಅಪ್ಪೆಹುಳಿ, ಪಲ್ಯಗಳನ್ನು ಹೊತ್ತು ಬಂದ ಪಾತ್ರೆಗಳಲ್ಲಿ ಹೆಚ್ಚಿನವನ್ನು ಗುರುತಿಸಿ ಹಿಂದಿರುಗಿಸಿದ್ದೇವೆ. ಆದರೆ ಏಳು ಡಬ್ಬಿಗಳು ಯಾರವೆಂದು ಅತ್ತೆಯವರಿಗೂ ಹೊಳೆಯುತ್ತಿಲ್ಲ. ಅವುಗಳಲ್ಲಿ ಎರಡು ಹಿತ್ತಾಳೆಯ ಹಿಡಿಯಿರುವ ತೂಕುಡಬ್ಬಿ, ನಾಲ್ಕು ಸ್ಟೀಲಿನವು. ಉಳಿದ ಒಂದರ ಮುಚ್ಚಳದ ಮೇಲೆ ಮದುವೆಯ ಉಡುಗೊರೆ ಎಂದು ಕೊರೆದಿದೆ, ಹೆಸರು ಮಾತ್ರ ಬೂದಿ ಹಚ್ಚಿ ತಿಕ್ಕಿ ಸವೆದುಹೋಗಿದೆ. ಬರಿದಾದ ಪಾತ್ರೆಯನ್ನು ಹಿಂದಕ್ಕೆ ಕೊಡುವ ಕ್ರಮ ಈ ಮನೆಯಲ್ಲಿ ಇಲ್ಲದ ಕಾರಣ ಏಳರಲ್ಲಿಯೂ ಕಾಗದದಷ್ಟು ತೆಳುವಾದ ಗರಿಗರಿ ಸಿಹಿ ತೊಡದೇವು ತುಂಬಿಟ್ಟಿದ್ದೇವೆ. ಹವೆಯಲ್ಲಿ ಇನ್ನೂ ತೇವವಿದೆ, ಅವು ಮೆತ್ತಗಾಗುವ ಮೊದಲು ನಿಮ್ಮ ನಿಮ್ಮ ಡಬ್ಬಿಯನ್ನು ಬಂದು ಒಯ್ಯಬೇಕಾಗಿ ವಿನಂತಿ.