ನಗೆಗೂ ಪೊಲೀಸ್ ದೂರೇ?

ಮಾನ್ಯರೇ,

ಯಾರಾದರೂ ವೇದಿಕೆಯಲ್ಲಿ ಚಟಾಕಿ ಹಾರಿಸಿದರೆ ಮರುದಿನವೇ ಠಾಣೆಯಲ್ಲಿ ‘ಭಾವನೆಗೆ ಧಕ್ಕೆ’ಯ ದೂರು! ಭಾರತೀಯ ನ್ಯಾಯ ಸಂಹಿತೆಯ ಕಲಂ 299 (ಹಿಂದಿನ ದಂಡ ಸಂಹಿತೆಯ 295ಎ) ಅನ್ವಯಿಸಬೇಕಾದರೆ ಧಾರ್ಮಿಕ ಭಾವನೆ ಕೆರಳಿಸುವ ಉದ್ದೇಶವೂ ದುರುದ್ದೇಶವೂ ಇರಬೇಕು. ಕೇಳಿದವರು ಮೂಗು ಮುರಿದರೆ ಸಾಲದು. ಆದರೆ ದೂರು ಬರೆಯುವ ಆತುರದಲ್ಲಿ ಅಷ್ಟು ಓದುವ ವ್ಯವಧಾನ ಯಾರಿಗಿದೆ?

ಗೇಲಿಗೆ ಒಳಗಾಗುವುದು ನಮಗೇನೂ ಹೊಸದಲ್ಲ. ಯಕ್ಷಗಾನದ ಹಾಸ್ಯಗಾರ ದೂತನಾಗಿ ಬಂದು ರಾಜನನ್ನೇ ಅಡ್ಡಮಾತಿನಿಂದ ಸುಸ್ತು ಮಾಡುತ್ತಾನೆ. ಮದುವೆ ಮನೆಯ ಬೀಗರ ಹಾಡಿನಲ್ಲಿ ಬೀಗಿತ್ತಿಯ ಜಿಪುಣತನ, ಬೀಗರ ಹೊಟ್ಟೆಬಾಕತನ ಎಲ್ಲವೂ ಬೀದಿಗೆ ಬರುತ್ತಿತ್ತು. ಹಾಡಿಸಿಕೊಂಡವರು ಅದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು. ಕೆಲವರು ಮುನಿಸಿಕೊಳ್ಳುತ್ತಿದ್ದುದೂ ಉಂಟೆನ್ನಿ, ಆದರೆ ವಕೀಲರನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ವೈದ್ಯರಾಗಿದ್ದ ರಾಶಿ (ಡಾ. ಎಂ. ಶಿವರಾಂ) 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಎಂಬ ನಗೆಪತ್ರಿಕೆ 25 ವರ್ಷ ನಡೆಯಿತು. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದವರು. ಇಂದು ಅಂಥದ್ದೊಂದು ಹೊರಟರೆ ಸಂಪಾದಕರ ಅರ್ಧ ಆಯುಸ್ಸು ಕೋರ್ಟಿನಲ್ಲೇ ಕಳೆದೀತು.

ಹಾಗೆಂದು ಜಾತಿ, ಮೈಬಣ್ಣ, ಅಂಗವೈಕಲ್ಯ ಹಿಡಿದು ಹೀಯಾಳಿಸುವುದನ್ನು ಹಾಸ್ಯವೆಂದು ನಾನು ಒಪ್ಪಲಾರೆ. ಅಲ್ಲಿ ನೊಂದವರ ಮಾತಿಗೆ ಕಿವಿಗೊಡಲೇಬೇಕು. ನನ್ನ ತಕರಾರು ಕುರ್ಚಿಯ ಮೇಲಿದ್ದೂ ನೋಯುವವರ ಬಗ್ಗೆ. ವ್ಯಂಗ್ಯಚಿತ್ರವೊಂದು ಚುಚ್ಚಿದರೆ ಅವರ ಬಳಿ ಮೈಕು ಇದೆ, ಎದುರಿಗೆ ಜನರೂ ಇದ್ದಾರೆ. ಬೆಂಬಲಿಗರನ್ನು ಠಾಣೆಗೆ ಅಟ್ಟುವ ಬದಲು ಅದಕ್ಕಿಂತ ಒಳ್ಳೆಯ ಜೋಕು ಹೇಳಿ ತೋರಿಸಲಿ.

– ಓದುಗ, ತೀರ್ಥಹಳ್ಳಿ