ಕಾಯಿ ಹೊಡೆಯದೆ ಒಳಮನೆಗೆ ಪ್ರವೇಶವಿಲ್ಲ

ನಮಸ್ಕಾರ. ಈ ಸಂಚಿಕೆಯ ಯುವ ಪುಟದಲ್ಲಿ ನಮ್ಮ ಸಂಘದ ಹುಡುಗಿಯೊಬ್ಬಳು ತಾನು ಓದುತ್ತಿರುವ ಗೇಮ್ ಡಿಸೈನ್ ಬಗ್ಗೆ ಬರೆದಿದ್ದಾಳೆ. ಖಂಡಿತ ಓದಿ. ಅದಕ್ಕೆ ಮುಂಚೆ ನಾನು ಸ್ವಲ್ಪ ಕೊರೆಯುತ್ತೇನೆ, ಸಂಪಾದಕರಿಗೆ ಇರುವ ಸವಲತ್ತು ಇದೊಂದೇ.

ಗೇಮ್ ಡಿಸೈನ್ ಅಂದ ಕೂಡಲೇ ನಮ್ಮವರು ಕೇಳುವುದು ಎರಡೇ ಪ್ರಶ್ನೆ. ಕೋಡಿಂಗ್ ಬರುತ್ತಾ? ಕೆಲಸ ಸಿಗುತ್ತಾ? ಎರಡನೆಯದಕ್ಕೆ ಒಂದು ಉತ್ತರ ನಮ್ಮ ಸಿಯಾಟಲ್ ಕಡೆಯೇ ಇದೆ. ರೆಡ್ಮಂಡ್‌ನ ಡಿಜಿಪೆನ್ ಕಾಲೇಜಿನ ವಿದ್ಯಾರ್ಥಿಗಳು 2005ರಲ್ಲಿ ನಾರ್ಬಕ್ಯುಲರ್ ಡ್ರಾಪ್ ಅಂತ ಒಂದು ಆಟ ಮಾಡಿದರು. ಅದರ ರಾಜಕುಮಾರಿಗೆ ಜಿಗಿಯಲು ಬರುವುದಿಲ್ಲ. ಒಂದು ಗೋಡೆಯಲ್ಲಿ ಬಾಗಿಲು ತೆರೆದು ಒಳಹೊಕ್ಕು, ಇನ್ನೊಂದು ಗೋಡೆಯಿಂದ ಹೊರಬಂದು ತಪ್ಪಿಸಿಕೊಳ್ಳಬೇಕು. ಪಕ್ಕದ ಬೆಲ್‌ವ್ಯೂನ ವಾಲ್ವ್ ಅನ್ನುವ ಗೇಮ್ ಕಂಪನಿ ಅದನ್ನು ನೋಡಿ ಇಡೀ ತಂಡವನ್ನೇ ಕೆಲಸಕ್ಕೆ ತೆಗೆದುಕೊಂಡಿತು. 2007ರ ಹೆಸರಾಂತ ಆಟ ಪೋರ್ಟಲ್ ಹುಟ್ಟಿದ್ದು ಹಾಗೆ. ಎಲ್ಲರಿಗೂ ಇಂಥ ಅದೃಷ್ಟ ಇರುತ್ತೆ ಅಂತ ನಾನು ಹೇಳುತ್ತಿಲ್ಲ, ಗೇಮ್ ಕಂಪನಿಗಳಲ್ಲಿ ಕೆಲಸ ಹೋದವರು ಎಷ್ಟು ಜನ ಅನ್ನುವುದು ಇಲ್ಲಿರುವ ನಮಗೆ ಚೆನ್ನಾಗೇ ಗೊತ್ತು.

ನನಗೆ ಜಾಸ್ತಿ ಕುತೂಹಲ ಇರುವುದು ಬೇರೆ ವಿಷಯದಲ್ಲಿ. ಆಟ ಕಟ್ಟುವ ಹುಡುಗರು ತಮ್ಮ ಸರಕನ್ನು ಎಲ್ಲಿಂದ ತರುತ್ತಾರೆ? ಶಾಂಘೈಯಲ್ಲಿ ಬೆಳೆದ ಗೇಮ್ ಡಿಸೈನರ್ ಜೆನೋವಾ ಚೆನ್‌ಗೆ ಚಿಕ್ಕಂದಿನಲ್ಲಿ ಆಸ್ತಮಾ ಇತ್ತು. ಲಾಸ್ ಏಂಜಲಿಸ್‌ನಲ್ಲಿ ಓದುವಾಗ, 2005ರಲ್ಲಿ, ಅವರು ಗೆಳೆಯರ ಜೊತೆ ಸೇರಿ ಮಾಡಿದ ಕ್ಲೌಡ್ ಆಟದಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಹುಡುಗ ಆಕಾಶದಲ್ಲಿ ಹಾರುವ ಕನಸು ಕಾಣುತ್ತಾನೆ. ಬಂದೂಕಿಲ್ಲ, ಶತ್ರುಗಳ ದಂಡಿಲ್ಲ.

ನಮ್ಮ ಹುಡುಗಿಯ ಸರಕು ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರ. ರಜೆಗೆ ಮೈಸೂರಿಗೆ ಹೋದಾಗ ಕಲಿತದ್ದು. ಜೊತೆಗೆ ಚುಕ್ಕಿ ರಂಗೋಲಿ, ಅರ್ಧಕ್ಕೆ ಬಿಟ್ಟ ಭರತನಾಟ್ಯ. ಅವಳ ಪಟ್ಟಿಯಲ್ಲಿ ವಿಡಿಯೋ ಗೇಮ್ ಬರುವುದು ಆಮೇಲೆ. ಮೈಸೂರಿನವರಿಗೆ ಇದೇನೂ ಹೊಸದಲ್ಲ ಬಿಡಿ, ಗಂಜೀಫಾ ಅನ್ನುವ ಹಳೇ ಕಾಲದ ಚಿತ್ರದ ಎಲೆಗಳಲ್ಲಿ ಹೊಸ ಹೊಸ ಆಟ ಕಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಆಟಗಳಿಗೇ ಒಂದು ಭಾಗ ಕೊಟ್ಟಿದ್ದಾರೆ.

ಯುಗಾದಿ ಊಟ ಆದಮೇಲೆ ಅವಳು ರಟ್ಟಿನ ಮೇಲೆ ಮನೆ ಬರೆದು, ಅಂಗಿ ಗುಂಡಿಗಳನ್ನು ಕಾಯಿ ಮಾಡಿಕೊಂಡು ಕೂತಿದ್ದಳು. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ, ಅಲ್ವಾ? ಚಿಕ್ಕ ಮಕ್ಕಳು ಅಳುತ್ತಾರೆ ಅಂತ ಅವಳು ಹೊಡೆಯುವುದನ್ನೇ ತೆಗೆದುಹಾಕಿದ್ದಳು. ಮಗನ ಮನೆಗೆ ಬಂದಿದ್ದ ಹಾಸನದ ಅಜ್ಜಿಯೊಬ್ಬರು ಎರಡು ಸುತ್ತು ಆಡಿ ಕವಡೆ ಕೆಳಗಿಟ್ಟರು. "ಹೊಡೆಯೋದೇ ಇಲ್ಲ ಅಂದ್ಮೇಲೆ ಇದೇನಮ್ಮ, ವಾಕಿಂಗಾ?"

ಹುಡುಗಿ ಮಾತೇ ಆಡಲಿಲ್ಲ. ಸುಮ್ನೆ ನೋಟ್‌ಬುಕ್‌ನಲ್ಲಿ ಬರೆದುಕೊಂಡಳು. ಪರೀಕ್ಷೆಗೆ ಆಡಿಸುವಾಗ ಆಟ ಕಟ್ಟಿದವರು ಬಾಯಿ ಮುಚ್ಚಿಕೊಂಡಿರಬೇಕಂತೆ, ಆಟ ಮಾರುಕಟ್ಟೆಗೆ ಹೋದಮೇಲೆ ಪಕ್ಕದಲ್ಲಿ ನಿಂತು ವಿವರಿಸುವುದಕ್ಕೆ ಯಾರೂ ಇರುವುದಿಲ್ಲವಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೊಡೆಯುವ ನಿಯಮ ವಾಪಸ್ ಬಂತು, ಆದರೆ ಒಂದು ತಿರುವಿನ ಜೊತೆ. ಮಾಮೂಲಾಗಿ ಹೊಡೆದವರಿಗೆ ಸಿಗುವ ಇನ್ನೊಂದು ಗರ ಅವಳ ಆಟದಲ್ಲಿ ಹೊಡೆಸಿಕೊಂಡವರಿಗೆ. ಕಾಯಿ ಕಳೆದುಕೊಂಡು ಅಳಲು ಬಾಯಿ ತೆರೆದಿದ್ದ ಪೋರನೊಬ್ಬ ಕವಡೆ ಕೈಗೆ ಬಂದ ಕೂಡಲೇ ಅಳುವುದನ್ನು ಮರೆತ. ಅಜ್ಜಿಗೆ ಮಾತ್ರ ಇದು ಅನ್ಯಾಯ ಅನ್ನಿಸಿತು, ಆದರೂ ಮಗ ಕಾರು ತಂದು ಕಾಯುತ್ತಿದ್ದರೂ ಏಳಲಿಲ್ಲ.

ನನಗೆ ಕೇಳಿದರೆ ಇದೇ ಗೇಮ್ ಡಿಸೈನ್. ಮಕ್ಕಳು ಈ ಓದಿನ ಮಾತೆತ್ತಿದರೆ ಯಾವ ಸಾಫ್ಟ್‌ವೇರ್ ಅಂತ ಆಮೇಲೆ ಕೇಳಿ. ಯಾವ ಆಟದ ಯಾವ ನಿಯಮ ಬದಲಾಯಿಸಿದೆ, ಯಾಕೆ ಅಂತ ಮೊದಲು ಕೇಳಿ.

ಅಂದಹಾಗೆ ಒಂದು ಕೆಲಸ ಇದೆ. ಚೌಕಾಬಾರದ ನಿಯಮ ಊರಿಗೊಂದು, ಕೆಲವು ಕಡೆ ಮನೆಗೊಂದು. ನಿಮ್ಮ ಕಡೆ ಹೇಗೆ ಆಡುತ್ತಿದ್ದಿರಿ ಅಂತ ನಾಲ್ಕು ಸಾಲು ಬರೆದು ಕಳಿಸಿ, ಅವಳಿಗೆ ತಲುಪಿಸುತ್ತೇನೆ. ಮುಂದಿನ ಸಭೆಗೆ ಹೊಸ ಹಾಸು ತರುತ್ತಾಳಂತೆ. ಕವಡೆ ಇದ್ದವರು ದಯವಿಟ್ಟು ತನ್ನಿ, ಅವಳ ಹತ್ತಿರ ಇದ್ದವುಗಳಲ್ಲಿ ಒಂದು ಒಡೆದಿದೆ.