ಇಂಜೆಕ್ಟರ್ ಅಳೆಯುವುದು ಗಾಳಿಯನ್ನು

ಮಾನ್ಯ ಸಂಪಾದಕರೇ,

ತರಬೇತಿ ವಿಮಾನಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಶಾಲೆಯ ಮಕ್ಕಳಿಗೂ ಆಸೆ ಹುಟ್ಟುವ ಹಾಗಿದೆ, ಸಂತೋಷ. ಆದರೆ ಒಂದು ಮಾತು ತಿದ್ದಬೇಕು. ವೇಗಕ್ಕೆ ಗಾಳಿ ಜಾಸ್ತಿ ನುಗ್ಗಿದಾಗ ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಹೆಚ್ಚಿಸುತ್ತದೆ ಎಂದು ಬರೆದಿದ್ದೀರಿ. ನಮ್ಮ ಬೆಂಗಳೂರಲ್ಲೇ ತಯಾರಾಗಿ 2021ರಲ್ಲಿ ಮೊದಲು ಹಾರಿದ ಹಂಸ-ಎನ್‌ಜಿ ವಿಮಾನಕ್ಕೆ ಅದು ಸರಿ. ಆದರೆ ನಾನು ಕೈಯಾರೆ ಬಿಚ್ಚಿ ಜೋಡಿಸಿದ, ಅಮೆರಿಕದ ಲೈಕಮಿಂಗ್ ಕಂಪನಿಯ ಎಂಜಿನ್‌ಗಳಲ್ಲಿ ಕಂಪ್ಯೂಟರೂ ಇಲ್ಲ, ವಯರೂ ಇಲ್ಲ. ಅಲ್ಲಿ ಲೆಕ್ಕ ಹಾಕುವುದು ಒಂದು ತೆಳು ರಬ್ಬರ್ ಪೊರೆ.

ಎಂಜಿನ್‌ಗೆ ಪೆಟ್ರೋಲ್ ಅಳೆದು ಕೊಡುವ ಭಾಗವೇ ಇಂಜೆಕ್ಟರ್. ಅದರೊಳಗೆ ಗಾಳಿ ಬರುವ ಬಾಯಲ್ಲಿ ಸಣ್ಣ ಕೊಳವೆಗಳಿರುತ್ತವೆ. ಇಂಪ್ಯಾಕ್ಟ್ ಟ್ಯೂಬ್ ಅನ್ನುತ್ತೇವೆ. ನುಗ್ಗುವ ಗಾಳಿಯ ಒತ್ತಡ ಇವುಗಳ ಮೂಲಕ ಡಯಾಫ್ರಮ್‌ನ, ಅಂದರೆ ಆ ರಬ್ಬರ್ ಪೊರೆಯ, ಒಂದು ಬದಿಗೆ ಹೋಗುತ್ತದೆ. ಸ್ವಲ್ಪ ಒಳಗೆ ದಾರಿ ಕಿರಿದಾಗುತ್ತದೆ, ಅದು ವೆಂಚುರಿ. ಅಲ್ಲಿ ಗಾಳಿ ಓಡುತ್ತದೆ, ಒತ್ತಡ ಇಳಿಯುತ್ತದೆ. ಆ ಇಳಿದ ಒತ್ತಡ ಇನ್ನೊಂದು ಬದಿಗೆ. ಎರಡರ ನಡುವಿನ ವ್ಯತ್ಯಾಸವೇ ಪೊರೆಯನ್ನು ತಳ್ಳಿ ಪೆಟ್ರೋಲಿನ ಬಾಲ್ ವಾಲ್ವ್ ತೆರೆಯುತ್ತದೆ. ಗಾಳಿ ಎಷ್ಟೋ ಪೆಟ್ರೋಲ್ ಅಷ್ಟು. ಎಂಥ ಚೆಂದದ ಕೆಲಸ ಅಲ್ವಾ?

ಇನ್ನು ರ‍್ಯಾಮ್ ಏರ್, ಅಂದರೆ ಓಟದ ರಭಸಕ್ಕೆ ನುಗ್ಗುವ ಗಾಳಿ. ಅದರಿಂದ ಶಕ್ತಿ ಬಹಳ ಹೆಚ್ಚುತ್ತದೆ ಎಂಬ ಭಾವನೆ ಹುಡುಗರಲ್ಲಿ ಇದೆ. 150 ನಾಟ್ (ಗಂಟೆಗೆ ಸುಮಾರು 280 ಕಿ.ಮೀ.) ವೇಗದಲ್ಲಿ ಒಂದಿಷ್ಟೂ ಸೋರದೆ ಸಿಕ್ಕರೂ ಅದು ಪಾದರಸದ ಸುಮಾರು 1 ಇಂಚು ಒತ್ತಡ, ಅಷ್ಟೇ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಚೆನ್ನೈಗೆ ಹೋಲಿಸಿದರೆ ಇಲ್ಲಿ ನಿಂತಲ್ಲೇ 3 ಇಂಚು ಕಡಿಮೆ. ಕಳೆದುಕೊಂಡದ್ದರಲ್ಲಿ ಮೂರನೇ ಒಂದು ಪಾಲು ವಾಪಸ್ ಬಂತು ಅನ್ನಿ. ಅಮೆರಿಕದ ಮೂನಿ ವಿಮಾನಗಳಲ್ಲಿ ಇದಕ್ಕೆಂದೇ ಒಂದು ಬಾಗಿಲಿತ್ತು. ತೆರೆದರೆ ಗಾಳಿ ಫಿಲ್ಟರ್ ತಪ್ಪಿಸಿ ನೇರ ಒಳಗೆ. ಹಾಗಾಗಿ ಮೇಲೆ, ಧೂಳಿಲ್ಲದ ಕಡೆ ಮಾತ್ರ ತೆರೆಯಬೇಕು. ನೆಲದ ಹತ್ತಿರ ತೆರೆದರೆ ಧೂಳು ಮೊದಲು ಸೇರುವುದು ಆ ಸಣ್ಣ ಕೊಳವೆಗಳಿಗೇ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸುಮಾರು 25 ವರ್ಷದ ಹಿಂದೆ ನಾನಿದ್ದ ಹ್ಯಾಂಗರ್‌ನಲ್ಲಿ 200 ಅಶ್ವಶಕ್ತಿಯ ಎಂಜಿನ್ನಿನ ಒಂದು ವಿಮಾನ ಬಿಡಿಭಾಗಕ್ಕೆ ಕಾಯುತ್ತ ಎರಡು ವಾರ ನಿಂತಿತ್ತು. ಫಿಲ್ಟರ್ ಬಾಕ್ಸ್ ಬಿಚ್ಚಿಟ್ಟವರು ಇಂಜೆಕ್ಟರ್ ಬಾಯಿಗೆ ಒಂದು ಬಟ್ಟೆಯನ್ನೂ ಕಟ್ಟಿರಲಿಲ್ಲ. ಜೋಡಿಸಿ ಸ್ಟಾರ್ಟ್ ಮಾಡಿದೆವು. ಐಡಲ್‌ನಲ್ಲಿ, ಅಂದರೆ ಥ್ರಾಟಲ್ ಕೊಡದೆ ನಿಧಾನ ಓಡುವಾಗ, ಎಂಜಿನ್ ಜೇನಿನ ಹಾಗೆ ಗುಂಯ್‌ಗುಟ್ಟಿತು. ಪೂರ್ತಿ ಥ್ರಾಟಲ್ ಕೊಟ್ಟಾಗ ಗಂಟೆಗೆ 16 ಗ್ಯಾಲನ್ ಹತ್ತಿರ ನಿಲ್ಲಬೇಕಾದ ಫ್ಯುಯಲ್ ಫ್ಲೋ (ಪೆಟ್ರೋಲ್ ಹರಿವಿನ) ಮುಳ್ಳು 12ರಲ್ಲೇ ನಿಂತಿತು. ಹೊಗೆಕೊಳವೆಯ ಶಾಖ ಏರುತ್ತಲೇ ಹೋಯಿತು. ತಕ್ಷಣ ನಿಲ್ಲಿಸಿದೆವು. ಪಂಪ್ ನೋಡಿದೆವು, ಸಿಲಿಂಡರ್‌ಗೆ ಪೆಟ್ರೋಲ್ ಚಿಮುಕಿಸುವ ನಾಜಲ್ ತೊಳೆದೆವು, ಏನೂ ಸಿಗಲಿಲ್ಲ. ಕೊನೆಗೆ ಟಾರ್ಚ್ ಬಿಟ್ಟು ಬಾಯೊಳಗೆ ನೋಡಿದರೆ ಕುಂಬಾರ ಹುಳ ಇಂಪ್ಯಾಕ್ಟ್ ಟ್ಯೂಬ್‌ಗಳಿಗೆ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಪೊರೆಗೆ ನುಗ್ಗುಗಾಳಿಯ ಸುದ್ದಿಯೇ ತಲುಪುತ್ತಿರಲಿಲ್ಲ. ಗಾಳಿ ಬರುತ್ತಿತ್ತು, ಅದಕ್ಕೆ ತಕ್ಕ ಪೆಟ್ರೋಲ್ ಬರುತ್ತಿರಲಿಲ್ಲ. ಮಿಕ್ಸ್ಚರ್ ಲೀನ್, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ.

ಐಡಲ್‌ನಲ್ಲಿ ಗೊತ್ತಾಗದ್ದು ಏಕೆ? ಅಲ್ಲಿ ಗಾಳಿಯ ಒತ್ತಡದ ವ್ಯತ್ಯಾಸ ತೀರಾ ಕಡಿಮೆ, ಆದ್ದರಿಂದ ಬಾಲ್ ವಾಲ್ವನ್ನು ಒಂದು ಸ್ಪ್ರಿಂಗ್ ತೆರೆದಿಡುತ್ತದೆ. ಪೆಟ್ರೋಲ್ ಎಷ್ಟು ಎಂಬುದನ್ನು ಥ್ರಾಟಲ್‌ಗೆ ಜೋಡಿಸಿದ ಐಡಲ್ ವಾಲ್ವ್ ನೋಡಿಕೊಳ್ಳುತ್ತದೆ. ಅದಕ್ಕೇ ಈ ದೋಷ ವಿಮಾನವನ್ನು ನೆಲದ ಮೇಲೆ ನಿಧಾನ ಓಡಿಸುವಾಗ (ಟ್ಯಾಕ್ಸಿ) ಅಡಗಿರುತ್ತದೆ, ಟೇಕಾಫ್‌ನಲ್ಲಿ ಹೊರಬರುತ್ತದೆ. ಅಂದು ವಿದ್ಯಾರ್ಥಿಯೊಬ್ಬ ಒಳಗಿದ್ದಿದ್ದರೆ, ರನ್‌ವೇ ಮುಗಿದ ಮೇಲೆ ಅದು ಗೊತ್ತಾಗಿದ್ದರೆ? ಆ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಾಜಲ್ ಬಗ್ಗೆಯೂ ಒಂದು ಮಾತು. ಪ್ರತಿ ನಾಜಲ್‌ನಲ್ಲೂ ಗಾಳಿ ಎಳೆದುಕೊಳ್ಳುವ ಪುಟ್ಟ ತೂತಿದೆ. ಸಿಲಿಂಡರ್ ಕಡೆ ಒತ್ತಡ ಕಡಿಮೆ ಇದ್ದರೇ ಅದು ಒಳಗೆ ಎಳೆಯುವುದು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್‌ಗಳಲ್ಲಿ ಆ ತೂತಿಗೂ ಬೇರೆ ಕೊಳವೆಯಲ್ಲಿ ಒತ್ತಿದ ಗಾಳಿ ಕೊಡುತ್ತಾರೆ. ಇಲ್ಲದಿದ್ದರೆ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ.

ವಿಮಾನ ಹಾರಿಸಲು ಕಲಿಯುತ್ತಿರುವ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಬೆಳಿಗ್ಗೆ ಸುತ್ತು ಹಾಕಿ ನೋಡುವಾಗ ಫಿಲ್ಟರ್ ಕಡೆ ಒಂದು ನಿಮಿಷ ನಿಲ್ಲಿ. ಮಧ್ಯೆ ಎಂಜಿನ್ ಬಿಚ್ಚಿಟ್ಟಿದ್ದರು ಎಂದು ಲಾಗ್ ಬುಕ್ಕಿನಲ್ಲಿ ಕಂಡರೆ ಇಂಜೆಕ್ಟರ್ ಬಾಯಿ ಮುಚ್ಚಿದ್ದರಾ ಎಂದು ಧೈರ್ಯವಾಗಿ ಕೇಳಿ. ಎಂಜಿನ್ನಿನ ಮುಚ್ಚಳ (ಕೌಲಿಂಗ್) ತೆಗೆದಿದ್ದಾಗ ನಾಜಲ್ ಬುಡದಲ್ಲಿ ನೀಲಿ ಕಲೆ ಕಂಡರೆ, ಅದು ವಿಮಾನದ ಪೆಟ್ರೋಲಿನ ಬಣ್ಣ. ಒರೆಸಿ ಸುಮ್ನೆ ಹೋಗಬೇಡಿ, ಮೆಕ್ಯಾನಿಕ್‌ನನ್ನು ಕರೆಯಿರಿ.

ಇತಿ,
ಒಬ್ಬ ನಿವೃತ್ತ ವಿಮಾನ ಮೆಕ್ಯಾನಿಕ್
ಯಲಹಂಕ ಉಪನಗರ, ಬೆಂಗಳೂರು